ಬಿಸಿ ನೆಲದ ಕ್ಲಾಸು

ನಮ್ಮ ಮನೆಯ ನೆಲ ಬಿಸಿ ಇರುತ್ತಿತ್ತು. ಸೂರತ್ ಸ್ಟೇಷನ್ನಿನ ಹತ್ತಿರದ ಒಂದು ಓಣಿಯಲ್ಲಿ ಅಪ್ಪಯ್ಯ ಮ್ಯಾನೇಜರ್ ಆಗಿದ್ದ ಉಡುಪಿ ಹೋಟೆಲು, ಅದರ ಮಹಡಿಯ ಮೇಲೆ ನಮ್ಮ ಎರಡು ಕೋಣೆ. ಮುಂದಿನ ಕೋಣೆಯ ನಡುಭಾಗಕ್ಕೆ ಸರಿಯಾಗಿ ಕೆಳಗೆ ದೋಸೆ ಕಾವಲಿ. ಚಳಿಗಾಲದಲ್ಲಿ ಅಲ್ಲಿ ಕೂತರೆ ಹಿತ, ಹೋಳಿ ಕಳೆದ ಮೇಲೆ ಅಂಗಾಲು ಹೆಚ್ಚು ಹೊತ್ತು ಊರುವ ಹಾಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ಒಲೆ, ಸ್ನಾನದ ಮೋರಿ, ದೇವರ ಗೂಡು, ಸುತ್ತಿಟ್ಟ ಹಾಸಿಗೆಗಳು, ಎಲ್ಲ ಒಂದರ ಮೈಮೇಲೆ ಒಂದು. ಹೋಟೆಲಿನ ಮೇಲೆ ಇದ್ದೆವು ಎಂದರೆ ದಿನಾ ಮಸಾಲೆ ದೋಸೆ ತಿಂದೆವು ಎಂದು ಕೇಳಿದವರು ತಿಳಿಯುತ್ತಾರೆ. ಕೆಳಗಿನದ್ದು ಗಿರಾಕಿಗಳಿಗೆ. ನಮಗೆ ಅಮ್ಮ ಬೇಯಿಸಿದ ಗಂಜಿ, ಉಪ್ಪಿನಕಾಯಿ. ದೋಸೆಯ ವಾಸನೆ ಕುಡಿದು ಗಂಜಿ ಉಂಡು ದೊಡ್ಡವಳಾದವಳು ನಾನು.

ಆ ಮುಂದಿನ ಕೋಣೆಯಲ್ಲಿ ಅಮ್ಮನ ಕ್ಲಾಸು ನಡೆಯುತ್ತಿತ್ತು. ಮದುವೆಗೆ ಮೊದಲು ಕುಂದಾಪುರದ ಕಡೆಯ ಒಂದು ಶಾಲೆಯಲ್ಲಿ ಅವಳು ಎರಡು ವರ್ಷ ಪಾಠ ಮಾಡಿದ್ದಳು. ಸೂರತ್ತಿಗೆ ಬಂದ ಮೇಲೆ ಹೋಟೆಲಿನ ಅಡುಗೆಯವರ ಮಕ್ಕಳು, ರೈಲ್ವೆಯಲ್ಲಿ ಬ್ಯಾಂಕಿನಲ್ಲಿ ವರ್ಗವಾಗಿ ಬಂದವರ ಮಕ್ಕಳು, ಗುಜರಾತಿ ಬಾರದೆ ಇಲ್ಲಿಯ ಶಾಲೆಯಲ್ಲಿ ಬೆಪ್ಪಾಗಿ ಕೂರುವುದನ್ನು ನೋಡಿ ತಾನೇ ಶುರು ಮಾಡಿದಳು. ಹೋಟೆಲಿನಲ್ಲಿ ಪೊಟ್ಟಣ ಕಟ್ಟಲು ತಂದ ಹಳೆಯ ಪೇಪರು ಓದಿ ಗುಜರಾತಿ ಕಲಿತಳು. ಒಂದರಿಂದ ನಾಲ್ಕನೆಯವರೆಗೆ ಅವಳ ಹತ್ತಿರ ಕನ್ನಡವನ್ನೂ ಗುಜರಾತಿಯನ್ನೂ ಕಲಿತ ಮಕ್ಕಳನ್ನು ಹತ್ತಿರದ ಸರಕಾರಿ ಶಾಲೆಯವರು ಪರೀಕ್ಷೆ ಮಾಡಿ ಐದನೆಯ ಕ್ಲಾಸಿಗೆ ತೆಗೆದುಕೊಳ್ಳಬೇಕು, ಅದು ಅವಳ ಯೋಚನೆ. ನಾನು ಬೇರೊಂದು ಶಾಲೆಯಲ್ಲಿ ಒಂದನೆಯ ಕ್ಲಾಸು ಮುಗಿಸಿದ್ದೆ. ಬಿಡಿಸಿದಳು.

"ಮನೆಯಲ್ಲೇ ಶಾಲೆ ಇಪ್ಪಾಗ ಅಲ್ಲಿಗ್ ಎಂತಕ್ಕೆ ಹೋಪುದ್?" ಎಂದಳು.

ಕೇಳಿದವರಿಗೆ ಸರಿಯಾದ ಮಾತೇ. ಆದರೆ ಇಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಕಲಿಸುವವರು ಒಬ್ಬರಾದರೆ ಒರೆಸುವವರು ಒಬ್ಬರು ಬೇಕು. ಒರೆಸುವವಳು ನಾನು. ಗುಜರಾತಿನಲ್ಲಿ ಹೆಂಗಸರನ್ನು ಬೆನ್ ಎನ್ನುತ್ತಾರೆ, ಅಕ್ಕ ಎಂದ ಹಾಗೆ. ಮಕ್ಕಳೆಲ್ಲ ಅಮ್ಮನನ್ನು ಬೆನ್ ಎಂದರು, ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ನಾನೂ ಹಾಗೇ ಕರೆಯಬೇಕು ಎಂದು ಅವಳ ಕಟ್ಟಳೆ. ಅಮ್ಮಾ ಎಂದರೆ ಓಗೊಡುತ್ತಿರಲಿಲ್ಲ. ತನ್ನ ಮಗಳಿಗೆ ಹೆಚ್ಚು ಕಂಡಳು ಎಂಬ ಮಾತು ಬರಬಾರದು ಎಂದು ನನ್ನನ್ನು ಮಕ್ಕಳ ಸಾಲಿನಲ್ಲಿ ಕೂರಿಸಲೂ ಇಲ್ಲ, ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆಯಲೂ ಇಲ್ಲ. ಹಾಜರಿ ಹೊರಗಿನಿಂದ ಬರುವವರಿಗೆ, ನೀನು ಎಲ್ಲಿಂದ ಬರುತ್ತೀಯ ಎಂದು ಕೇಳುತ್ತಿದ್ದಳು. ನಾನು ಸಣ್ಣ ಮಕ್ಕಳ ಎದುರಿಗೆ ಕೂತು ಅವರ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಬೇಕು. ಅಲ್ಲಿಂದ ಮೇಲೆ ಅಕ್ಷರವೆಲ್ಲ ನನಗೆ ತಲೆಕೆಳಗಾಗಿಯೇ ಕಂಡದ್ದು, ತಲೆಕೆಳಗಾಗಿಯೇ ಓದು ಕಲಿತೆ. ಲೆಕ್ಕ, ಮಗ್ಗಿ ಎಲ್ಲ ಕಿವಿಗೆ ಬಿದ್ದದ್ದು. ನಾಲ್ಕನೆಯವರಿಗೆ ಬಾರದ್ದೂ ನನಗೆ ಬರುತ್ತಿತ್ತು. ಅದು ಅಮ್ಮನಿಗೆ ಗೊತ್ತಿತ್ತು. ಹೇಳುತ್ತಿರಲಿಲ್ಲ.

ಮಕ್ಕಳಿಗೆ ಪಾಠ ಹೇಳುವುದು ಪುಣ್ಯದ ಕೆಲಸ, ಮಕ್ಕಳು ದೇವರ ಸಮಾನ ಎನ್ನುವವರು ಇಪ್ಪತ್ತು ಮಕ್ಕಳ ಜೊತೆ ಒಂದು ಕೋಣೆಯಲ್ಲಿ ಮೂರು ಗಂಟೆ ಇದ್ದು ನೋಡಲಿ. ಇವತ್ತು ಏನು ಆಗುತ್ತದೆ ಎಂದು ಹೇಳಲು ಬರುವುದಿಲ್ಲ. ಕೂಡುವ ಲೆಕ್ಕಕ್ಕೆ ಅಮ್ಮ ಒಣ ಬಟಾಣಿ ಹಂಚಿದರೆ ಒಬ್ಬ ನುಂಗುತ್ತಿದ್ದ, ಒಬ್ಬಳು ಕಿವಿಗೆ ತುರುಕಿಕೊಳ್ಳುತ್ತಿದ್ದಳು. ಬಟಾಣಿ ಬಿಟ್ಟು ಬೆಂಕಿಕಡ್ಡಿ ಕೊಟ್ಟಳು. ಯಾರೂ ನುಂಗಲಿಲ್ಲ, ಇಬ್ಬರು ಹುಡುಗರು ಒಬ್ಬನ ಜಡೆಗೆ ಸಿಕ್ಕಿಸಿ ಹಚ್ಚಲು ಹೋದರು. ಅವನಿಗೆ ತಿರುಪತಿಗೆ ಮುಡಿ ಕೊಡುವ ಹರಕೆ ಇತ್ತು, ಅದಕ್ಕೆ ಜಡೆ. ಹತ್ತೂವರೆಗೆ ಕೆಳಗೆ ಸಾಂಬಾರಿಗೆ ಒಗ್ಗರಣೆ ಬಿದ್ದ ಕೂಡಲೇ ಇಡೀ ಕ್ಲಾಸು ಮೂಗು ಎತ್ತುತ್ತಿತ್ತು. ಆಮೇಲೆ ಹೇಳಿದ್ದು ಯಾವುದೂ ತಲೆಗೆ ಹೋಗದು. ಅದಕ್ಕೆ ಅಮ್ಮ ಲೆಕ್ಕವನ್ನು ಒಗ್ಗರಣೆಗೆ ಮೊದಲು, ಪದ್ಯವನ್ನು ಒಗ್ಗರಣೆಯ ಮೇಲೆ ಇಟ್ಟಿದ್ದಳು. ಒಂದು ದಿನ ಅಡುಗೆಯವರು ಒಂಬತ್ತಕ್ಕೇ ಒಗ್ಗರಣೆ ಹಾಕಿದರು, ಅಂದಿನ ಲೆಕ್ಕವೂ ಹೋಯಿತು. ಹೆಡ್ ಕುಕ್ಕಿನ ಮಗ ರಾಘು ಎಂಬವನು ಕಚ್ಚುತ್ತಿದ್ದ. ಸಿಟ್ಟು ಬಂದರೆ ಕಚ್ಚುವುದು ಬೇರೆ, ಇವನು ಖುಷಿಯಾದರೂ ಕಚ್ಚುವವನು. ನನ್ನ ಎಡಗೈಯಲ್ಲಿ ಅವನ ಹಲ್ಲಿನ ಗುರುತು ಇನ್ನೂ ಇದೆ. ಹುಬ್ಬಳ್ಳಿ ಕಡೆಯ ರೈಲ್ವೆ ಗುಮಾಸ್ತರ ಮಗಳು ವಾಸಂತಿ, ಏಳು ವರ್ಷದವಳು, ಸೇರಿದ ದಿನದಿಂದ ಒಂದು ಮಾತು ಆಡಿರಲಿಲ್ಲ. ಬರೆಯುತ್ತಿದ್ದಳು, ತಲೆ ಆಡಿಸುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಅಮ್ಮ ಪುಸಲಾಯಿಸಿದಳು, ಗದರಿದಳು, ಕೆಳಗಿನಿಂದ ಜಹಾಂಗೀರು ತರಿಸಿ ಕೊಟ್ಟಳು. ತಿಂದಳು, ಮಾತಾಡಲಿಲ್ಲ. ನನಗೆ ಅಮ್ಮ ಒಂದು ದಿನವೂ ಜಹಾಂಗೀರು ತರಿಸಿದವಳಲ್ಲ.

ಗಲಾಟೆ ಮಿತಿ ಮೀರಿದಾಗ ಅಪ್ಪಯ್ಯ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು.

"ಹೋಯ್, ಮೇಲೆ ಎಂತ ಗೌಜಿ ಮಾರಾಯ್ತಿ? ಗಿರಾಕಿ ಚಟ್ನಿಗೆ ಸುಣ್ಣ ಬೀಳ್ತಾ ಇತ್ತಂಬ್ರ್."

"ಚಟ್ನಿ ಮುಚ್ಚಿ ಇಡೂಕೆ ಹೇಳಿ," ಎಂದು ಅಮ್ಮ ಮೇಲಿನಿಂದ.

ಈಗ ನಾನು ಇರುವುದು ಇದೇ ಸೂರತ್ತಿನ ಅಡಾಜಣ್‌ನಲ್ಲಿ, ಮಗನ ಫ್ಲ್ಯಾಟಿನಲ್ಲಿ. ಮೊಮ್ಮಗಳು ಶ್ರೇಯಾ ಹತ್ತಿರದ ಒಂದು ಶಾಲೆಯಲ್ಲಿ ಎರಡನೆಯ ಕ್ಲಾಸಿಗೆ ಟೀಚರು. ಸಂಜೆ ಬಂದು ಬ್ಯಾಗು ಎಸೆದು ಸೋಫಾದ ಮೇಲೆ ಬೀಳುತ್ತಾಳೆ. ಮೊನ್ನೆ ಹೇಳಿದಳು:

"ಅಜ್ಜಿ, ಆಜ್ ಏನಾಯ್ತು ಗೊತ್ತಾ, ಒಂದು ಬಚ್ಚಾ ಪೆನ್ಸಿಲ್ ರಬ್ಬರ್ ಮೂಗಲ್ಲಿ ಹಾಕ್ಕೊಂಡ. ಟ್ರೇನಿಂಗಲ್ಲಿ ಯಾರೂ ಇದೆಲ್ಲ ಹೇಳಲ್ಲ."

"ಒಂದು ಹೊಳ್ಳೆಯಲ್ಲೋ, ಎರಡರಲ್ಲೋ?"

"ಒಂದರಲ್ಲಿ. ಕ್ಯೂಂ?"

"ಇನ್ನೊಂದನ್ನು ಒತ್ತಿ ಹಿಡಿದು ಜೋರಾಗಿ ಮೂಗಿನಿಂದ ಊದಿಸಬೇಕು. ಬೆರಳು ಹಾಕಿದರೆ ಒಳಗೆ ಹೋಗ್ತದೆ."

"ನಿಂಗೆ ಹೇಗೆ ಗೊತ್ತು? ನೀನು ಸ್ಕೂಲಿಗೇ ಹೋಗಿಲ್ಲ ನಾ."

ಒಂದನೆಯ ಕ್ಲಾಸು ಬಿಟ್ಟರೆ ಹೋಗಿಲ್ಲ ಎಂದೆ. ಹೋಗದೆ ಇದ್ದದ್ದು ಹೇಗೆ ಎಂದು ಅವಳು ಕೇಳಲಿಲ್ಲ, ಫೋನು ನೋಡುತ್ತಿದ್ದಳು. ಅದನ್ನು ಇಲ್ಲಿ ಬರೆಯುತ್ತೇನೆ.

ಆ ವರ್ಷ ಅಮ್ಮನ ಕ್ಲಾಸಿನಲ್ಲಿ ಮೊದಲ ಸಲ ಏಳು ಮಕ್ಕಳು ನಾಲ್ಕನೆಯದನ್ನು ಮುಗಿಸುವವರಿದ್ದರು. ವಯಸ್ಸಿನಲ್ಲಿ ನಾನೂ ಅವರ ಸಮ. ಸರಕಾರಿ ಶಾಲೆಯ ಹೆಡ್ ಮಾಸ್ತರರನ್ನು ಅಮ್ಮ ನಾಲ್ಕು ಸಲ ಹೋಗಿ ಕಂಡು ಬಂದಿದ್ದಳು. ಒಂದು ಶನಿವಾರ ತಾವೇ ಮನೆಗೆ ಬಂದು ಮಕ್ಕಳನ್ನು ಪರೀಕ್ಷೆ ಮಾಡಿ, ಹಾಜರಿ ನೋಡಿ, ತಕ್ಕವರನ್ನು ಐದನೆಯದಕ್ಕೆ ಸೇರಿಸಿಕೊಳ್ಳುವುದಾಗಿ ಅವರು ಒಪ್ಪಿದರು. ಮುಂಚೆ ಹೆಸರಿನ ಪಟ್ಟಿ ಕಳಿಸಬೇಕಿತ್ತು. ಅಮ್ಮ ಹಾಜರಿ ಪುಸ್ತಕ ತೆರೆದಿಟ್ಟುಕೊಂಡು ನಕಲು ಮಾಡಿದಳು. ನಾನು ಎದುರಿಗೆ ಕೂತು ಅಕ್ಕಿ ಆರಿಸುತ್ತಿದ್ದೆ. ತಲೆಕೆಳಗಾಗಿಯೇ ಓದಿದೆ. ಏಳು ಹೆಸರು.

"ನಂದಿಲ್ಲೆ," ಎಂದೆ.

ಅಮ್ಮ ಪಟ್ಟಿ ನೋಡಿದಳು, ಪುಸ್ತಕ ನೋಡಿದಳು. ಪುಸ್ತಕದಲ್ಲಿ ಇಲ್ಲದ್ದು ಪಟ್ಟಿಯಲ್ಲಿ ಬರಲಿಲ್ಲ, ಅಷ್ಟೇ. ಅವಳು ಬೇಕೆಂದು ಮಾಡಿದ್ದಲ್ಲ. ಬೇಕೆಂದು ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ.

"ಮೂರು ವರ್ಷದ ಹಾಜರಿ ಇಲ್ದೆ ಹೆಸರು ಬರೆದ್ರೆ ಕೇಳ್ತ್ರ್. ನೀನು ಮನೆಯವಳಲ್ದಾ. ಅವ್ರು ಬಂದಾಗ ಬಾಯಲ್ಲೇ ಹೇಳ್ತೆ. ನನ್ನ ಮಗಳು, ಇವಳನ್ನೂ ಕಾಣಿ ಅಂತ."

"ಹೇಳ್ತ್ಯಾ?"

"ಹೇಳ್ತೆ ಅಂದೆ ಅಲ್ದಾ."

ಶುಕ್ರವಾರ ರಾತ್ರಿಯ ಊಟಕ್ಕೆ ಮೊದಲು ಅಪ್ಪಯ್ಯ ಹಸಿರು ಬಣ್ಣದ ಒಂದು ಫ್ರಾಕು ತಂದರು. ಹೊಸದು. ಗಾಂಧೀಜಿಯ ಪಾಠವನ್ನು ಗುಜರಾತಿಯಲ್ಲಿ ಗೋಡೆಗೆ ಮುಖ ಮಾಡಿ ಓದಿಕೊಂಡೆ. ಪುಸ್ತಕ ನೇರವಾಗಿ ಹಿಡಿದು ಓದುವುದೇ ನನಗೆ ಕಷ್ಟವಾಯಿತು.

ಶನಿವಾರಕ್ಕೆ ಅಮ್ಮ ಮಾಡಿದ ತಯಾರಿ ಯಾವ ಮದುವೆಗೂ ಮಾಡಿರಲಿಕ್ಕಿಲ್ಲ. ಬಟಾಣಿ ಡಬ್ಬ, ಬೆಂಕಿಪೊಟ್ಟಣ ಎರಡನ್ನೂ ದೇವರ ಗೂಡಿನ ಹಿಂದೆ ಇಟ್ಟಳು. ಒಗ್ಗರಣೆ ಹನ್ನೊಂದರ ಮೇಲೆ ಹಾಕಲು ಅಡುಗೆಯವರಿಗೆ ಹೇಳಿಸಿದಳು. ರಾಘುವನ್ನು ಗೋಡೆಯ ಮೂಲೆಯಲ್ಲಿ, ಯಾರ ಕೈಯೂ ಬಾಯಿಗೆ ಸಿಗದ ಹಾಗೆ ಕೂರಿಸಿದಳು. ಸಣ್ಣವರನ್ನೆಲ್ಲ ಎರಡೆರಡು ಸಲ ಮೋರಿಗೆ ಕಳಿಸಿದಳು. ಆಗಬಹುದಾದ್ದನ್ನೆಲ್ಲ ಯೋಚಿಸಿದ್ದಳು. ಮಕ್ಕಳ ವಿಷಯದಲ್ಲಿ ಯೋಚಿಸಿದ್ದು ಯಾವತ್ತೂ ಆಗುವುದಿಲ್ಲ. ರಾಘು ಕಚ್ಚಲಿಲ್ಲ. ಮೂಲೆಯಲ್ಲಿ ಇಟ್ಟಿದ್ದ ಮಸಿಕುಡಿಕೆಯನ್ನು ಕಾಲಿನಿಂದ ಒದ್ದ. ಅದು ಬಂದು ಬಿದ್ದದ್ದು ನನ್ನ ಮಡಿಲಿಗೆ. ಹಸಿರು ಫ್ರಾಕು ಕಪ್ಪಾಯಿತು. ಮೆಟ್ಟಿಲ ಮೇಲೆ ಹೆಡ್ ಮಾಸ್ತರರ ಕೆಮ್ಮು ಕೇಳುತ್ತಿತ್ತು. ಹಿಂದಿನ ಕೋಣೆಗೆ ಓಡಿ, ಕೈಗೆ ಸಿಕ್ಕಿದ ಲಂಗ ಹಾಕಿಕೊಂಡು ಬಂದೆ. ನೆಲ ಒರೆಸುವಾಗ ಉಡುತ್ತಿದ್ದ ಲಂಗ ಅದು, ಮೊಣಕಾಲ ಹತ್ತಿರ ತೇಪೆ.

ಹೆಡ್ ಮಾಸ್ತರು ಬಡಕಲು ಮನುಷ್ಯ, ಬಿಳಿ ಧೋತಿ. ಚಪ್ಪಲಿ ಹೊರಗೆ ಬಿಟ್ಟು ಬಂದು ಕೆಳಗಿನಿಂದ ತಂದ ಕುರ್ಚಿಯಲ್ಲಿ ಕೂತರು. ಹಾಜರಿ ಪುಸ್ತಕ ತಿರುವಿ ಒಳ್ಳೆಯ ಮಾತು ಆಡಿದರು. ಕ್ಲಾಸು ಎಂದು ಬೋರ್ಡು ಹಾಕಿ ಮಕ್ಕಳ ಕೈಯಲ್ಲಿ ಮನೆಗೆಲಸ ಮಾಡಿಸುವವರನ್ನು ಈ ಊರಿನಲ್ಲಿ ತುಂಬ ನೋಡಿದ್ದೇನೆ, ಅಂಥ ಕಡೆಯ ಮಕ್ಕಳನ್ನು ನಾನು ಬಾಗಿಲೊಳಗೆ ಬಿಡುವುದಿಲ್ಲ, ನಿಮ್ಮದು ಹಾಗಲ್ಲ ಎಂದು ಕೇಳಿ ಬಂದೆ, ಎಂದರು. ಅಮ್ಮ ಕೈಮುಗಿದಳು. ಏಳು ಜನರಲ್ಲಿ ಮೊದಲನೆಯವನು ಎದ್ದು ನಿಂತು ಓದಲು ಶುರು ಮಾಡಿದ. ಆಗ ಸಣ್ಣವರ ಸಾಲಿನಿಂದ ಒಂದು ತೊರೆ ಹರಿದು ಬಂತು. ಒಂದು ದಿನವೂ ತೊಂದರೆ ಕೊಡದ, ಬ್ಯಾಂಕಿನವರ ಸಣ್ಣ ಮಗ, ಹೊಸಬರನ್ನು ಕಂಡು ಹೆದರಿ ಕೂತಲ್ಲೇ ಬಿಟ್ಟಿದ್ದ. ಹೆಡ್ ಮಾಸ್ತರರ ಬರಿಗಾಲಿನ ಕಡೆಗೇ ಹರಿಯಿತು. ನೆಲ ಬಿಸಿ. ಬಿಸಿ ನೆಲದ ಮೇಲೆ ಉಚ್ಚೆ ಬಿದ್ದರೆ ವಾಸನೆ ಏಳಲು ಎರಡು ನಿಮಿಷ ಬೇಡ. ಅಮ್ಮ ಹೇಳುವವರೆಗೂ ನಾನು ಕಾಯಲಿಲ್ಲ. ಮೂರು ವರ್ಷದ ಅಭ್ಯಾಸ. ಬಟ್ಟೆ ತಂದು ಮೊಣಕಾಲೂರಿ ಒರೆಸಿದೆ. ಅವರು ಕಾಲು ಎತ್ತಿ ಹಿಡಿದರು, ಅವರ ಕುರ್ಚಿಯ ಅಡಿಯಲ್ಲೂ ಒರೆಸಿದೆ. ಮೇಲಿನಿಂದ ಅವರು ಕೇಳಿದ್ದು ಕೇಳಿಸಿತು.

"ಆ ಛೋಕರಿ ಕೋಣ ಛೆ, ಬೆನ್?"

ಈ ಹುಡುಗಿ ಯಾರು. ನಾನು ತಲೆ ಎತ್ತಿ ಅಮ್ಮನನ್ನು ನೋಡಿದೆ. ಇದೇ ಹೇಳುವ ಹೊತ್ತು. ಅಮ್ಮನೂ ನನ್ನನ್ನು ನೋಡಿದಳು, ತೇಪೆ ಲಂಗ, ಕೈಯಲ್ಲಿ ಒದ್ದೆ ಬಟ್ಟೆ. ಆಮೇಲೆ ಅವರ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು.

"ಘರಕಾಮ್ ಮಾಟೆ ರಾಖೀ ಛೆ," ಎಂದಳು. ಮನೆಗೆಲಸಕ್ಕೆ ಇಟ್ಟುಕೊಂಡಿದ್ದೇನೆ.

ಕೋಣೆಯಲ್ಲಿದ್ದ ಇಪ್ಪತ್ತು ಮಕ್ಕಳಿಗೂ ನಾನು ಯಾರೆಂದು ಗೊತ್ತು. ನಾಲ್ಕನೆಯವರು ಪುಸ್ತಕಕ್ಕೆ ಮುಖ ಹಾಕಿದರು, ಅವರಿಗೆ ಐದನೆಯದು ಬೇಕಿತ್ತು. ಆಗ ವಾಸಂತಿ ಎದ್ದು ನಿಂತಳು. ಬಾಯಿ ಬಿಟ್ಟಳು.

"ಅಕಿ ಕೆಲಸದಾಕಿ ಅಲ್ರಿ. ಅಕಿ ಬೆನ್ ಅವರ ಮಗಳದಾಳ್ರಿ."

ಸ್ಪಷ್ಟವಾಗಿ ಹೇಳಿದಳು. ಕನ್ನಡದಲ್ಲಿ ಹೇಳಿದಳು. ಹೆಡ್ ಮಾಸ್ತರರಿಗೆ ಒಂದು ಅಕ್ಷರ ತಿಳಿಯಲಿಲ್ಲ. ಮಗು ಏನು ಹೇಳುತ್ತದೆ ಎಂದು ನಗುತ್ತ ಅಮ್ಮನನ್ನು ಕೇಳಿದರು.

"ನೀರು ಕೇಳುತ್ತಿದ್ದಾಳೆ," ಎಂದು ಅಮ್ಮ ಗುಜರಾತಿಯಲ್ಲಿ ಹೇಳಿದಳು. ನನ್ನ ಕಡೆ ತಿರುಗಿ, "ನೀರು ತಂದ್ಕೊಡ್," ಎಂದಳು.

ತಂದು ಕೊಟ್ಟೆ. ವಾಸಂತಿ ಲೋಟ ಹಿಡಿದು ನನ್ನ ಮುಖ ನೋಡುತ್ತ ಪೂರಾ ಕುಡಿದಳು. ಬಾಯಾರಿಕೆ ಇರಲಿಲ್ಲ ಅವಳಿಗೆ. ಐದು ತಿಂಗಳಿನಿಂದ ಅವಳ ಒಂದು ಮಾತಿಗಾಗಿ ಅಮ್ಮ ಕಾದಿದ್ದಳು. ಆ ಮೇಲೆ ವಾಸಂತಿ ಮತ್ತೆ ಮಾತಾಡಲಿಲ್ಲ, ಮಳೆಗಾಲದಲ್ಲಿ ಅವಳ ಅಪ್ಪನಿಗೆ ವರ್ಗವಾಗಿ ಹೋದರು. ಅಂದು ಏಳು ಜನವೂ ಪಾಸು. ಹೆಡ್ ಮಾಸ್ತರು ಕೆಳಗಿಳಿದು ಹೋಗುವಾಗ ಅಪ್ಪಯ್ಯ ಅವರಿಗೆ ಕಾಫಿ ಕೊಟ್ಟು, ಮೈಸೂರು ಪಾಕು ಕಟ್ಟಿಸಿ ಕಳಿಸಿದರು.

ಮಧ್ಯಾಹ್ನ ಗಂಜಿಯ ಮುಂದೆ ಕೂತು ನಾನು ಉಣ್ಣಲಿಲ್ಲ. ಅಪ್ಪಯ್ಯನಿಗೆ ಸಂಗತಿ ತಿಳಿಯಿತು.

"ಎಂತಕ್ಕೆ ಹಾಂಗೆ ಹೇಳಿದ್ದ್ ನೀನು?" ಎಂದು ಅಮ್ಮನನ್ನು ಕೇಳಿದರು.

"ಸ್ವಂತ ಮಗಳ ಕೈಯಗೆ ಉಚ್ಚೆ ಒರೆಸಿಸ್ತೆ, ಪುಸ್ತಕದಾಗೆ ಹೆಸರೂ ಬರೀಲಿಲ್ಲೆ ಅಂತ ಹೇಳೂದಾ? ಆ ಮೇಲೆ ಅವ್ರು ಏಳು ಮಕ್ಕಳನ್ನೂ ಬಿಡ್ತಿದ್ರಾ? ಅದ್ರಲ್ಲಿ ನಿಮ್ಮ ಹೆಡ್ ಕುಕ್ಕಿನ ದೊಡ್ಡ ಮಾಣಿಯೂ ಇದ್ದ."

ಅಪ್ಪಯ್ಯ ಮಜ್ಜಿಗೆ ಬಡಿಸಿಕೊಂಡರು. "ಬಪ್ಪು ವರ್ಷ ಕಾಂಬ," ಎಂದರು, ಮುಂದಿನ ವರ್ಷ ನೋಡೋಣ ಎಂದು. ಹೆಡ್ ಕುಕ್ಕು ಬಿಟ್ಟು ಹೋದರೆ ಹೋಟೆಲು ನಡೆಯದು, ಅದು ಅವರ ತಲೆಯಲ್ಲಿ.

ಸೋಮವಾರ ಕೊತ್ತಂಬರಿ ಸೊಪ್ಪು ತರಲು ಕಳಿಸಿದಾಗ ನಾನು ಮಾರ್ಕೆಟ್ಟಿಗೆ ಹೋಗದೆ ಶಾಲೆಗೆ ಹೋದೆ. ಯಾರೂ ತಡೆಯಲಿಲ್ಲ. ಹೆಡ್ ಮಾಸ್ತರು ಮೇಜಿನ ಹಿಂದೆ ಕೂತು ಏನೋ ಬರೆಯುತ್ತಿದ್ದರು. ಗುರುತು ಹಿಡಿದರು. ಬೆನ್ ಏನಾದರೂ ಹೇಳಿ ಕಳಿಸಿದ್ದಾರಾ ಎಂದು ಕೇಳಿದರು. ಇಲ್ಲ, ನನ್ನನ್ನೂ ಪರೀಕ್ಷೆ ಮಾಡಿ ಎಂದೆ. ಅವರಿಗೆ ನಗು ಬಂತು. ಓದು ಬರುತ್ತದಾ ಎಂದು ಕೇಳಿದ್ದಕ್ಕೆ, ಅವರ ಮುಂದೆ ಇದ್ದ ಕಾಗದವನ್ನು ಅವರು ನನ್ನ ಕಡೆ ತಿರುಗಿಸುವ ಮೊದಲೇ ಓದಿ ಹೇಳಿದೆ. ಬೇಸಿಗೆ ರಜೆಯ ನೋಟೀಸು ಅದು. ನಗು ನಿಂತಿತು. ಹದಿನೇಳರ ಮಗ್ಗಿ ಕೇಳಿದರು. ಭಾಗಾಕಾರ ಕೊಟ್ಟರು. ತಾಪಿ ನದಿ ಯಾವ ಕಡೆ ಹರಿಯುತ್ತದೆ ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಒಂದು ಫಾರಂ ಎಳೆದುಕೊಂಡರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಹಳದಿ ಫಾರಂ, ಅದರ ಮೇಲೆ ನನ್ನ ಹೆಸರು ಬರೆದರು. ಸುಶೀಲಾ. ಆಮೇಲೆ ಪೆನ್ನು ನಿಲ್ಲಿಸಿ ಕೇಳಿದರು.

"ತಾರಾ ಬಾಪು ಕೋಣ ಛೆ?"

ನಿನ್ನ ಅಪ್ಪ ಯಾರು. ಹೋಟೆಲಿನ ಮ್ಯಾನೇಜರು ಎಂದರೆ ಮುಗಿಯಿತು, ನಾನು ಯಾರ ಮಗಳೆಂದು ತಿಳಿಯುತ್ತದೆ. ಅವರ ಮೇಜಿನ ಮೂಲೆಯಲ್ಲಿ ಆ ಏಳು ಜನರ ಪಟ್ಟಿ ಇತ್ತು. ನಾನು ತ್ಯಾಗ ಮಾಡಿದೆ ಎಂದು ಯಾರೂ ತಿಳಿಯಬಾರದು. ಆ ಏಳು ಜನರ ಮೇಲೆ ನನಗೆ ಪ್ರೀತಿ ಇರಲಿಲ್ಲ, ಅವರ ಮೂಗು ಒರೆಸಿ ಸಾಕಾಗಿತ್ತು. ನನಗೆ ಇದ್ದದ್ದು ಅಮ್ಮನ ಹೆದರಿಕೆ. ಅಮ್ಮ ಸುಳ್ಳು ಹೇಳಿದಳು ಎಂದು ಹೊರಗಿನವರ ಮುಂದೆ ಹೇಳಲು ಬಾಯಿ ಬರಲಿಲ್ಲ.

"ಊರಲ್ಲಿದ್ದಾರೆ. ನಾನು ಬೆನ್ ಹತ್ತಿರ ಕೆಲಸಕ್ಕಿದ್ದೇನೆ," ಎಂದೆ.

ಹಾಗಾದರೆ ಅಪ್ಪನ ಸಹಿ ಬೇಕು, ಊರಿನಿಂದ ಬಂದಾಗ ಕರೆದುಕೊಂಡು ಬಾ, ಇದನ್ನು ಇಟ್ಟಿರುತ್ತೇನೆ ಎಂದರು. ಒಳ್ಳೆಯ ಮನುಷ್ಯ. ಎಷ್ಟು ದಿನ ಇಟ್ಟಿದ್ದರೋ ಗೊತ್ತಿಲ್ಲ. ಕೊತ್ತಂಬರಿ ಸೊಪ್ಪು ತೆಗೆದುಕೊಂಡು ಮನೆಗೆ ಹೋದೆ. ತಡವಾದದ್ದಕ್ಕೆ ಬೈಸಿಕೊಂಡೆ.

ಎರಡು ವಾರ ಕಳೆದು ಏಳು ಮಕ್ಕಳ ಕಾಗದಪತ್ರಕ್ಕೆ ಸಹಿ ಹಾಕಲು ಅಮ್ಮ ಶಾಲೆಗೆ ಹೋಗಿ ಬಂದಳು. ಸೀರೆ ಬದಲಿಸದೆ ಒಲೆಯ ಮುಂದೆ ಕೂತಳು. ನಾನು ಕಾಯಿ ತುರಿಯುತ್ತಿದ್ದೆ. ನನಗೆ ಬೆನ್ನು ಹಾಕಿಯೇ ಹೇಳಿದಳು.

"ನಿಮ್ಮ ಕೆಲಸದ ಹುಡುಗಿ ಭಾರಿ ಚುರುಕಂಬ್ರ್. ಮೇಷ್ಟ್ರು ಹೇಳ್ರ್. ಅದ್ರ ಅಪ್ಪನ್ನ ಕರ್ಸಿ, ಓದಿಸಿ ಅಂತ."

ನಾನು ತುರಿಯುತ್ತಲೇ ಇದ್ದೆ.

"ನೀನೇ ಹಾಂಗೆ ಹೇಳಿದ್ಯಂಬ್ರ್ ಅವ್ರ ಹತ್ರ."

"ನೀ ಹೇಳಿದ್ದನ್ನೇ ಹೇಳ್ದೆ," ಎಂದೆ.

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಅನ್ನಕ್ಕೆ ಇಟ್ಟ ನೀರು ಕುದಿದು ಉಕ್ಕುವವರೆಗೂ ಹಾಗೇ ಕೂತಿದ್ದಳು. ನಾಳೆ ಹೋಗಿ ನಿಜ ಹೇಳಿ ಬರುತ್ತೇನೆ ಎಂದು ಹೇಳಬಹುದೇನೋ ಎಂದು ನಾನು ಕಾದೆ. ಎದ್ದು ಅಕ್ಕಿ ಹಾಕಿದಳು. ಮರುವರ್ಷ ಕ್ಲಾಸಿಗೆ ಮೂವತ್ತು ಮಕ್ಕಳು ಬಂದರು, ತಮ್ಮ ಹುಟ್ಟಿದ. ಅಪ್ಪಯ್ಯ ಹೇಳಿದ ಬಪ್ಪು ವರ್ಷದ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಿತ್ತು. ಅದು ನನ್ನ ತಪ್ಪು, ಅದಕ್ಕೆ ಅಮ್ಮನನ್ನು ಬೈಯುವುದಿಲ್ಲ. ಉಳಿದದ್ದಕ್ಕೆ ಬೈಯುತ್ತೇನೆ. ಅವಳು ಸತ್ತಾಗ ಸೂರತ್ತಿನಿಂದ, ಬರೋಡದಿಂದ, ಅಹಮದಾಬಾದಿನಿಂದ ಅವಳ ಹತ್ತಿರ ಕಲಿತವರು ಬಂದರು. ಡಾಕ್ಟರು, ಇಂಜಿನಿಯರು, ಒಬ್ಬ ಜಡ್ಜು. ಬೆನ್ ನಮ್ಮ ತಾಯಿಯ ಹಾಗಿದ್ದರು ಎಂದು ಒಬ್ಬೊಬ್ಬರೂ ನನ್ನ ಮುಂದೆ ಅತ್ತರು. ನಾನು ಎಲ್ಲರಿಗೂ ಚಹಾ ಮಾಡಿ ಕೊಟ್ಟೆ.

ಪರೀಕ್ಷೆ ನಡೆದ ಆ ವರ್ಷದ ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ಏಳು ಮಕ್ಕಳೂ ಹೊಸ ಯೂನಿಫಾರಂ ಹಾಕಿಕೊಂಡು ತಮ್ಮ ಬೆನ್ ಅವರಿಗೆ ನಮಸ್ಕಾರ ಮಾಡಿ ಹೋಗಲು ಬಂದರು. ಅಮ್ಮ ಒಬ್ಬೊಬ್ಬರ ಕಾಲರು ಸರಿ ಮಾಡಿ ಕಳಿಸಿದಳು. ಆಮೇಲೆ ಕಿಟಕಿಯಲ್ಲಿ ನಿಂತು, ಅವರು ಓಣಿಯಲ್ಲಿ ಸಾಲಾಗಿ ಹೋಗುವುದನ್ನು ನೋಡುತ್ತ ನನ್ನನ್ನು ಕರೆದಳು.

"ಬಾ, ಕಾಣ್. ಎಷ್ಟ್ ಚಂದ ಕಾಣ್ತಾ ಇದ್ದೊ."

ಹೋಗಿ ಪಕ್ಕದಲ್ಲಿ ನಿಂತು ನೋಡಿದೆ. ತಿರುವಿನಲ್ಲಿ ಒಬ್ಬೊಬ್ಬರಾಗಿ ಮರೆಯಾದರು. ಚಂದ ಕಾಣುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ನಾವು ತಿರುಗುವಾಗ ಬಾಗಿಲಲ್ಲಿ ಯಾರೋ ತಂದು ಬಿಟ್ಟು ಹೋದ ಐದು ವರ್ಷದ ಹುಡುಗಿ ನಿಂತಿತ್ತು. ಹೊಸದು. ಅಳುತ್ತಿತ್ತು, ಮೂಗು ಬಾಯಿಗೆ ಇಳಿದಿತ್ತು. ಅಮ್ಮ ನನ್ನ ಕಡೆ ನೋಡಲಿಲ್ಲ. ಹಾಜರಿ ಪುಸ್ತಕ ತೆಗೆಯಲು ಒಳಗೆ ಹೋದಳು.

ನಾನು ಹೋಗಿ ಆ ಹುಡುಗಿಯ ಮೂಗು ಒರೆಸಿದೆ.